ಎಲ್ಲದಕ್ಕೂ 'ವೀ'

ಡೆಸ್ಮಂಡನ ಕೇಡಿಗೆ ಕಾರಣ ಒಂದೇ ಒಂದು ಸುಳ್ಳು. 'ನಿನಗೋಸ್ಕರ ಆರು ತಿಂಗಳಿಂದ ಫ್ರೆಂಚ್ ಕಲೀತಾ ಇದ್ದೀನಿ' ಎಂದು ಮಗಳು ಟ್ಯಾಮ್ಸಿನ್‌ಗೆ ಫೋನಿನಲ್ಲಿ ಹೇಳಿಬಿಟ್ಟಿದ್ದ. ಕಲಿತದ್ದು ಎರಡೇ ಮಾತು: 'ವೀ' ಅಂದರೆ ಹೌದು, 'ಮೆರ್ಸಿ' ಅಂದರೆ ಥ್ಯಾಂಕ್ಸ್. ಇಂಗ್ಲೆಂಡಿನ ನಮ್ಮ ಯಾರ್ಕ್‌ಶೈರಿನಲ್ಲಿ ಇಷ್ಟೇ ಮಾತಾಡಿಕೊಂಡು ಇಡೀ ಸಂಸಾರ ದೂಡಿದವರಿದ್ದಾರೆ. ಮಗಳ ಜೊತೆ ಒಂದು ದಿನ ಯಾವ ಮಹಾ ಎಂಬುದು ಅವನ ಧೈರ್ಯ.

ಹತ್ತು ವರ್ಷದ ಟ್ಯಾಮ್ಸಿನ್ ಇರುವುದು ಫ್ರಾನ್ಸಿನಲ್ಲಿ, ತಾಯಿ ಹಿಲರಿ ಮತ್ತು ಆಕೆಯ ಹೊಸ ಗಂಡ ತಿಯೆರಿಯ ಜೊತೆ. ಆಗಸ್ಟಿನ ಎರಡು ವಾರ ಇಂಗ್ಲೆಂಡಿಗೆ ಹೋಗಿ ಅಪ್ಪನ ಹತ್ತಿರ ಇರಬೇಕೋ ಬೇಡವೋ ಎಂಬುದನ್ನು ಈ ವರ್ಷದಿಂದ ಅವಳೇ ಹೇಳಬಹುದು ಎಂದಾಗಿತ್ತು. ಹೇಳುವುದು ಇವತ್ತು ಸಂಜೆ. ಅದಕ್ಕೇ ಡೆಸ್ಮಂಡ್ ಫ್ರಾನ್ಸಿಗೆ ಬಂದು, ಅವಳನ್ನು ಅಲ್ಲಿನ ರೋಮನ್ನರ ಕಾಲದ ಕಾಳಗಗಳನ್ನು ಆಡಿ ತೋರಿಸುವ ಪಾರ್ಕಿಗೆ ಕರೆತಂದಿದ್ದ. ಇವತ್ತೆಲ್ಲ ಫ್ರೆಂಚ್ ಮಾತಾಡುವವನು ನಾನು, ನೀನು ಸುಮ್ಮನಿದ್ದು ನೋಡು ಎಂದು ಗೇಟಿನಲ್ಲೇ ಅಪ್ಪಣೆ ಮಾಡಿದ.

ಒಳಗೆ ಒಂದು ಉದ್ದನೆಯ ಸಾಲು ಕಂಡಿತು. ಸಾಲು ಕಂಡರೆ ಹೋಗಿ ಕೊನೆಯಲ್ಲಿ ನಿಲ್ಲುವುದು, ಯಾತಕ್ಕೆ ಎಂದು ಕೇಳದಿರುವುದು ನಮ್ಮವರ ಹುಟ್ಟುಗುಣ. ನಲವತ್ತು ನಿಮಿಷದ ಮೇಲೆ ತಿಳಿಯಿತು, ಅದು ಕೂಸುಗಳನ್ನು ಕೂರಿಸುವ ತಳ್ಳುಗಾಡಿ ಬಾಡಿಗೆಗೆ ಕೊಡುವ ಜಾಗ. ಅಷ್ಟು ಹೊತ್ತು ನಿಂತು ಬೇಡವೆನ್ನಲು ನಾಚಿಕೆಯಾಗಿ ಒಂದು ಗಾಡಿ ಪಡೆದ. ಹತ್ತು ವರ್ಷದ ಮಗಳ ಪಕ್ಕದಲ್ಲಿ ಖಾಲಿ ಗಾಡಿ ತಳ್ಳಿಕೊಂಡು ನಡೆದ.

ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಖಾಲಿ ಗಾಡಿಯನ್ನೂ ಅವನ ಮುಖವನ್ನೂ ನೋಡಿ, ಅವನ ತೋಳು ಸವರಿ, ಮೆಲ್ಲನೆ ಏನೋ ಕೇಳಿದಳು. ಡೆಸ್ಮಂಡ್ 'ವೀ' ಎಂದ. ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅತ್ತೇಬಿಟ್ಟಳು. 'ಮೆರ್ಸಿ' ಎಂದ.

ಊಟದ ಹೊತ್ತಿಗೂ ಅದೇ ಕತೆ. ಬಡಿಸುವವನು ಏನೋ ಕೇಳಿದ, ಇವನು 'ವೀ' ಎಂದ, ಹಂದಿಯ ಕರುಳು ತುಂಬಿದ ಸಾಸೇಜು ಬಂತು. ಕೊಟ್ಟಿಗೆ ತೊಳೆಯದೆ ವಾರವಾದಂಥ ವಾಸನೆ.

"ಅಪ್ಪಾ, ನಾನು ಹೇಳಿ ಬೇರೆ ಏನಾದ್ರೂ ತರಿಸ್ಲಾ?"

"ಯಾಕಮ್ಮಾ, ಚೆನ್ನಾಗೇ ಇದೆ," ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೊನೆಯ ತುಂಡೂ ನುಂಗಿದ. ಮಗಳು ಅವನನ್ನೇ ನೋಡುತ್ತಿದ್ದಳು. ಪಾಪ, ಅವಳ ಮುಖದಲ್ಲಿ ಅಷ್ಟೊತ್ತಿಗೆ ಸ್ವಲ್ಪ ಪ್ರೀತಿಯೂ ಇತ್ತು.

ಮೂರು ಗಂಟೆಗೆ ಅಖಾಡದ ಕಾಳಗ. ಕೈಯಲ್ಲಿ ಪಟ್ಟಿ ಹಿಡಿದ ಹೆಂಗಸೊಬ್ಬಳು ಪ್ರೇಕ್ಷಕರ ನಡುವೆ ಬಂದು ಡೆಸ್ಮಂಡನನ್ನು ಏನೋ ಕೇಳಿದಳು. 'ವೀ.' ಇನ್ನೊಂದು ಕೇಳಿದಳು. 'ವೀ, ಮೆರ್ಸಿ.' ಹತ್ತು ನಿಮಿಷದಲ್ಲಿ ಅವನ ಮೈಮೇಲೆ ಗೋಣಿತಟ್ಟು, ಕಾಲಿಗೆ ಸರಪಳಿ. ಕಾಳಿನ ಗಾತ್ರದ ಮೈಕೊಂದನ್ನು ಅವಳು ಅವನ ಎದೆಗೆ ಸಿಕ್ಕಿಸಿ, ಕಿರುಚಿ ತೋರಿಸಿದಳು. ಅವನು ತಲೆಯಾಡಿಸಿದ. ಸಿಂಹಕ್ಕೆ ಎಸೆಯಬೇಕಾದ ಕೈದಿಗಳಲ್ಲಿ ಅವನೂ ಒಬ್ಬನಾಗಿದ್ದ.

ಪ್ರೇಕ್ಷಕರು ಕೂತ ಕಟ್ಟೆಯ ಕೆಳಗಿನ ಬೋನಿನಲ್ಲಿ ಜೊತೆಗೊಬ್ಬ ಮೀಸೆಯವನಿದ್ದ. ಇಬ್ಬರೂ ಒಬ್ಬರಿಗೊಬ್ಬರು 'ವೀ', 'ವೀ' ಎಂದುಕೊಂಡು ಕೂತರು. ಅಷ್ಟರಲ್ಲಿ ಬೋನಿನ ಬಾಗಿಲು ಮೀಸೆಯವನ ಹೆಬ್ಬೆರಳ ಮೇಲೆ ಬಡಿಯಿತು. ಅವನು ಅಪ್ಪಟ ಯಾರ್ಕ್‌ಶೈರ್ ಇಂಗ್ಲಿಷಿನಲ್ಲಿ ಬಾಗಿಲಿನ ತಾಯಿಯನ್ನು ಬೈದ. ಹೆಸರು ಕ್ಲೈವ್, ಊರು ವೇಕ್‌ಫೀಲ್ಡ್. ಡೆಸ್ಮಂಡನ ಮನೆಯಿಂದ ಒಂಬತ್ತು ಮೈಲಿ.

ಇಡೀ ದಿನ ಬಾಯಿ ಕಟ್ಟಿಕೊಂಡಿದ್ದವನಿಗೆ ಒಡ್ಡು ಒಡೆದಂತಾಯಿತು.

"ನಂಗೆ ಒಂದಕ್ಷರ ಫ್ರೆಂಚ್ ಬರಲ್ಲ ಕಣಯ್ಯ. ಮಗಳ ಹತ್ರ ಸುಳ್ಳು ಹೇಳಿದ್ದೀನಿ. ಆಗಸ್ಟಲ್ಲಿ ಅವಳು ಬರಬೇಕು, ಅಷ್ಟೇ."

"ಅಷ್ಟು ಆಸೆನಾ ಮಗಳ ಮೇಲೆ?"

"ಆಸೆ ಏನು ಬಂತು. ಆಗಸ್ಟಲ್ಲಿ ನಂಗೆ ರಜೆನೇ ಇಲ್ಲ. ಅಕ್ಕನ ಮನೇಲಿ ಬಿಟ್ಟು ಕೆಲಸಕ್ಕೆ ಹೋಗ್ತೀನಿ. ಆದರೆ ಆ ತಿಯೆರಿ ಮುಂದೆ ನಾನು ಸೋಲಬಾರದು ನೋಡು."

ಮೇಲೆ ಭಾರಿ ಚಪ್ಪಾಳೆ ಎದ್ದಿತು. ನಾಲ್ಕು ಮೂಲೆಯ ಸ್ಪೀಕರುಗಳಿಂದ ಹೊರಟ ಆ ಪರದೇಶಿ ಅಳಲು ನಾಟಕದ ಭಾಗವೇ ಎಂದು ಮೂರು ಸಾವಿರ ಜನ ಮರುಗಿದ್ದರು. ಬೋನು ತೆರೆಯಿತು. ಸಿಂಹ ಇವನನ್ನು ಒಮ್ಮೆ ಮೂಸಿ, ಆಕಳಿಸಿ ಹೋಯಿತು. ಡೆಸ್ಮಂಡ್ ತಲೆಯೆತ್ತಿದಾಗ ಚಪ್ಪಾಳೆ ತಟ್ಟದೆ ಕೂತಿದ್ದವಳು ಒಬ್ಬಳೇ. ಖಾಲಿ ಗಾಡಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಕಾರು ಹಿಲರಿಯ ಮನೆಯ ಕಡೆ ಹೊರಟಿತು. ದಾರಿಯಲ್ಲಿ ಡೆಸ್ಮಂಡ್, "ಅಲ್ಲಿ ನಾನು ಹೇಳಿದ್ದು..." ಎಂದು ಶುರುಮಾಡಿದ. ಟ್ಯಾಮ್ಸಿನ್ ಕಿಟಕಿಯಿಂದ ಮುಖ ತಿರುಗಿಸಿ, ಮೆತ್ತಗಿನ ದನಿಯಲ್ಲಿ ಫ್ರೆಂಚಿನಲ್ಲೇ ಏನೋ ಕೇಳಿದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮಿಸಿದ್ದಾಳೆ ಎಂದು ಅವನಿಗೆ ಅನ್ನಿಸಿತು. 'ವೀ' ಎಂದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ 'ವೀ' ಎಂದ. ಮೂರನೆಯ ಸಲ ಅವಳ ತಲೆಯನ್ನೂ ಸವರಿದ.

ಬಾಗಿಲು ತೆರೆದದ್ದು ಹಿಲರಿ. ಟ್ಯಾಮ್ಸಿನ್ ಅವಳ ಕಿವಿಯಲ್ಲಿ ಎರಡು ಮಾತು ಹೇಳಿ ಒಳಗೆ ಹೋದಳು.

"ಆಗಸ್ಟಲ್ಲಿ ನಾನು ಬರೋದು ಬೇಡ ತಾನೇ ಅಂತ ನಿನ್ನನ್ನೇ ಕೇಳಿದಳಂತೆ," ಎಂದಳು ಹಿಲರಿ. "ಮೂರು ಸಲ ಕೇಳಿದಳಂತೆ. ಮೂರು ಸಲಾನೂ ಹೌದು ಅಂದ್ಯಂತೆ. ನಿಜವಾ?"

ಅವಳ ಬೆನ್ನ ಹಿಂದೆ ತಿಯೆರಿ ನಿಂತಿದ್ದ. ಟ್ಯಾಮ್ಸಿನ್‌ಗಾಗಿ ಕಲಿತ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಜೋಡಿಸಿ, ಚಹಾ ಕುಡಿದು ಹೋಗಿ ಎಂದು ಕರೆದ.

ಡೆಸ್ಮಂಡ್ ಇಬ್ಬರ ಮುಖವನ್ನೂ ನೋಡಿದ. ಇಲ್ಲ, ನನಗೆ ಅರ್ಥವಾಗಲಿಲ್ಲ ಎಂದರೆ ಸಾಕಿತ್ತು. ಆದರೆ ಅದನ್ನು ತಿಯೆರಿಯ ಮುಂದೆಯೇ ಹೇಳಬೇಕಾಗುತ್ತಿತ್ತು.

"ವೀ," ಎಂದ. ಮರ್ಯಾದೆಗೆ ಕಡಿಮೆಯಾಗಬಾರದೆಂದು, "ಮೆರ್ಸಿ," ಎಂದೂ ಸೇರಿಸಿ ಕಾರಿನ ಕಡೆ ನಡೆದ.