ವಜ್ಜೆಯಾದ ಸ್ಟೇರಿಂಗು

ಕಾರಿನ ಸ್ಟೇರಿಂಗನ್ನು ಹಗುರ ಮಾಡುವ ಪಂಪು ಕೆಟ್ಟಿರಬಹುದು. ಪಂಪಿನ ಪೈಪು ಎಲ್ಲೋ ಸೋರುತ್ತಿರಬಹುದು. ಗಾಲಿಗಳನ್ನು ಹೊರಳಿಸುವ, ರ‍್ಯಾಕು ಎಂದು ಕರೆಯುವ ಹಲ್ಲಿನ ಸರಳು ಸವೆದಿರಬಹುದು. ಮುಂದಿನ ಟೈರುಗಳ ಗಾಳಿ ಇಳಿದಿರಬಹುದು. ಮಳೆಗಾಲದಲ್ಲಿ ಹೊಲದ ಹಾದಿಗೆ ಹೋದಾಗ ಹತ್ತಿದ ಎರೆಮಣ್ಣು ಒಳಗೆಲ್ಲೋ ಕೂತು ಒಣಗಿ ಇಟ್ಟಂಗಿಯಾಗಿರಬಹುದು. ಮುಳವಾಡದ ಹತ್ತಿರ ಆ ತಗ್ಗಿನಲ್ಲಿ ಗಾಲಿ ಧಡ್ ಎಂದು ಬಿದ್ದಾಗ ಏನೋ ಮುರಿದಿರಬಹುದು, ಮುರಿದದ್ದು ಇನ್ನೂ ಬೀಳದೆ ಸರಿಯಾದ ತಿರುವಿಗಾಗಿ ಕಾಯುತ್ತಿರಬಹುದು. ಇಂಡಿಯಿಂದ ತಂದ ಎರಡು ಚೀಲ ನಿಂಬೆಹಣ್ಣು ಇಳಿಸದೆ ಡಿಕ್ಕಿಯಲ್ಲೇ ಉಳಿದಿರಬಹುದು. (ಉಳಿದಿರಲಿಲ್ಲ. ಎರಡು ಸಲ ತೆಗೆದು ನೋಡಿದೆ.) ಇಲ್ಲವೇ ಕಾರಿನದು ಏನೂ ತಪ್ಪಿಲ್ಲದೆ, ನಡೆಸುವವರ ಕೈಯಲ್ಲೇ ಕಸುವು ಕಡಿಮೆಯಾಗಿರಬಹುದು.

ಇದನ್ನೆಲ್ಲ ನಾನು ಸುಮ್ಮನೆ ಮನಸ್ಸಿನಲ್ಲಿ ಅಂದುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಚಿಂತೆಗಳನ್ನು ಕಾಗದಕ್ಕೆ ಇಳಿಸದಿದ್ದರೆ ಒಂದೆರಡು ತಪ್ಪಿಸಿಕೊಂಡು ಹೋಗುತ್ತವೆ ಎಂಬುದು ನನ್ನ ಇನ್ನೊಂದು ಚಿಂತೆ. ಹೀಗಾಗಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಗೆ ಪಟ್ಟಿ ಮಾಡಿದ್ದೆ. ಕೊನೆಯ ಸಾಲು ಬರೆದ ಮೇಲೆ ನನಗೇ ಕಸಿವಿಸಿಯಾಗಿ ಅದನ್ನು ಅಡ್ಡಗೀಟು ಹಾಕಿ ಹೊಡೆದುಹಾಕಿದೆ. ನನ್ನ ಹೆಂಡತಿ ಸುಮಿತ್ರಾ ಗಣಿತದ ಶಿಕ್ಷಕಿ. ಹೊಡೆದುಹಾಕಿದ ಲೆಕ್ಕದಲ್ಲೇ ಹುಡುಗರ ತಪ್ಪು ಗೊತ್ತಾಗುತ್ತದೆ ಎನ್ನುವವಳು. ಅವಳು ಆ ಹಾಳೆಯಲ್ಲಿ ಓದಿದ್ದು ಆ ಒಂದೇ ಸಾಲನ್ನು.

ಓದಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, "ಇದ ಖರೆ ಐತಿ ಬಿಡ್ರಿ," ಎಂದಳು.

ಕಾರು ನಡೆಸುವವಳು ಅವಳೇ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನಾವಿರುವುದು ಬಸವನ ಬಾಗೇವಾಡಿ. ಅವಳ ಸಾಲೆ ಇರುವುದು ಹೂವಿನ ಹಿಪ್ಪರಗಿಯಲ್ಲಿ. ನಾನು ಮುದ್ದೇಬಿಹಾಳದ ಕಚೇರಿಯೊಂದಕ್ಕೆ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ಲೈಸೆನ್ಸು ನನ್ನ ಬಳಿಯೂ ಇದೆ. ಆದರೆ ನನಗೆ ಎರಡು ಫರ್ಲಾಂಗು ದೂರದಲ್ಲಿ ಎಮ್ಮೆ ಕಂಡರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಎಮ್ಮೆ ರಸ್ತೆಯಲ್ಲಿರಬೇಕೆಂದಿಲ್ಲ, ಹೊಲದಲ್ಲಿ ಮಲಗಿದ್ದರೂ ಸಾಕು. ಒಮ್ಮೆ ನಾನು ನಡೆಸುತ್ತಿದ್ದಾಗ ಎತ್ತಿನ ಬಂಡಿಯವನೊಬ್ಬ ನಮ್ಮನ್ನು ದಾಟಿ ಹೋಗಿ, ತಿರುಗಿ ನೋಡಿ, "ಪೆಟ್ರೋಲ ಮುಗದೈತೇನ್ರಿ?" ಎಂದು ಕೇಳಿದ್ದ. ಅಂದಿನಿಂದ ನನ್ನ ಸ್ಥಾನ ಎಡಗಡೆಯ ಸೀಟು. ಅಲ್ಲಿ ಬ್ರೇಕಿಲ್ಲ. ಆದರೂ ನನ್ನ ಬಲಗಾಲು ಒತ್ತಿ ಒತ್ತಿ ಆ ಜಾಗದ ಮ್ಯಾಟು ತೂತು ಬಿದ್ದಿದೆ.

ಸುಮಿತ್ರಾ ನಡೆಸುವುದನ್ನು ನೋಡಬೇಕು ನೀವು. ಕಬ್ಬು ತುಂಬಿದ ಎರಡು ಟ್ರಾಲಿಯ ಟ್ರ್ಯಾಕ್ಟರು ಇಡೀ ರಸ್ತೆಯನ್ನು ಹಾಸಿಕೊಂಡು ಹೋಗುತ್ತಿದ್ದರೆ, ಅವಳು ಹಾರ್ನು ಸಹ ಮಾಡುವುದಿಲ್ಲ. ಹಿಂದೆ ಸುಮ್ಮನೆ ಬರುತ್ತಾಳೆ. ಎಲ್ಲೋ ಒಂದು ಕಡೆ ರಸ್ತೆ ಚೂರು ಅಗಲವಾಗುತ್ತದೆ. ಅದು ಅವಳಿಗೆ ಮೊದಲೇ ಗೊತ್ತಿರುತ್ತದೆ. ಬಲಗೈಯ ಅಂಗೈಯಿಂದ ಸ್ಟೇರಿಂಗನ್ನು ರೊಟ್ಟಿ ತಿರುವಿದಂತೆ ತಿರುವಿ ದಾಟಿಬಿಡುತ್ತಾಳೆ. ನಾನು ಕಣ್ಣು ತೆರೆಯುವಷ್ಟರಲ್ಲಿ ಕಬ್ಬಿನ ಗರಿ ಹಿಂದೆ ಬಿದ್ದಿರುತ್ತದೆ. ಹದಿನೇಳು ವರ್ಷದ ಆ ಕಾರು ಅವಳ ಕೈಯಲ್ಲಿ ಹೊಸದರಂತೆ ಓಡುತ್ತಿತ್ತು.

ಅಂಥ ಸ್ಟೇರಿಂಗು ಹದಿನೈದು ದಿನಗಳಿಂದ ವಜ್ಜೆಯಾಗಿತ್ತು. ಭಾರ ಎನ್ನುವುದಕ್ಕೆ ನಮ್ಮ ಕಡೆ ವಜ್ಜೆ ಎನ್ನುತ್ತೇವೆ. ಆ ಶಬ್ದವನ್ನು ಎತ್ತಿ ಇಡುವಾಗಲೇ ಭುಜ ಜಗ್ಗಿದಂತಾಗುತ್ತದೆ. ರಸ್ತೆಗೆ ಬಿದ್ದ ಮೇಲೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಸಾಲೆಯ ಗೇಟಿನಲ್ಲಿ ಹೊರಳಿಸುವಾಗ, ಮನೆಯ ಮುಂದೆ ಹಿಂದೆ-ಮುಂದೆ ಮಾಡಿ ನಿಲ್ಲಿಸುವಾಗ, ಅವಳು ಎರಡೂ ಕೈ ಹಚ್ಚಿ ಹಲ್ಲು ಕಚ್ಚಬೇಕಾಗುತ್ತಿತ್ತು. ಒಂದು ದಿನ ಗೇಟಿನಲ್ಲಿ ಅರ್ಧಕ್ಕೇ ಕಾರು ನಿಂತು, ಒಂಬತ್ತನೆಯ ಇಯತ್ತೆಯ ಹುಡುಗಿಯರೆಲ್ಲ ನೋಡುತ್ತ ನಿಂತರಂತೆ. ಅದನ್ನು ಹೇಳುವಾಗ ಅವಳು ನಗಲಿಲ್ಲ. "ನನಗೂ ಐವತ್ತಾತು. ಭುಜಾ ಹಿಡಿತಾವು. ಕಾರ ಯಾಕ ಬೇಕು ಇನ್ನ?" ಎಂದು ಮರುದಿನದಿಂದ ಬಸ್ಸು ಹಿಡಿದಳು. ಇಂಡಿಯಲ್ಲಿ ನಿಂಬೆ ತೋಟ ಇಟ್ಟುಕೊಂಡಿರುವ ತಮ್ಮ ಶ್ರೀಧರನಿಗೆ ಫೋನು ಮಾಡಿ, "ರವಿವಾರ ಬಂದು ಗಾಡಿ ಒಯ್ಯಿ," ಎಂದೂ ಹೇಳಿದಳು.

ನನಗೂ ವಜ್ಜೆ ಅನಿಸಿತು, ನಿನ್ನ ಕೈಯದೇನೂ ಅಲ್ಲ ಎಂದು ಹೇಳಿ ನೋಡಿದೆ. "ನಿಮಗ ಗ್ಯಾಸಿನ ಸಿಲಿಂಡರನೂ ವಜ್ಜೆ," ಎಂದಳು. ಅವಳಿಗೆ ತನ್ನ ಕೈಯ ಮೇಲೆ ನಂಬಿಕೆ ಬರಲೆಂದು ನಾನು ಉಪ್ಪಿನಕಾಯಿ ಭರಣಿ, ಹಪ್ಪಳದ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಕದ್ದು ಸಡಿಲ ಮಾಡಿ ಇಡತೊಡಗಿದೆ. ಎರಡು ದಿನ ನಡೆಯಿತು. ಮೂರನೆಯ ದಿನ ಅವಳು ಭರಣಿಯನ್ನು ಮುಚ್ಚಳ ಹಿಡಿದು ಎತ್ತಿದಳು. ಮುಚ್ಚಳ ಕೈಯಲ್ಲೇ ಉಳಿಯಿತು, ಮಾವಿನಕಾಯಿ ನೆಲಕ್ಕೆ ಹರಡಿತು. ಅವಳು ಉಪ್ಪಿನಕಾಯಿಯನ್ನಲ್ಲ, ನನ್ನನ್ನು ನೋಡಿದಳು. "ನನಗ ಅಷ್ಟ ವಯಸ್ಸಾಗೇತೇನ್ರಿ?" ಎಂದಳು. ಕಾರು ಹೋದರೆ ಹೋಗಲಿ, ಕಬ್ಬಿನ ಟ್ರ್ಯಾಕ್ಟರು ದಾಟುವ ಆ ಹೆಂಗಸು ರವಿವಾರ ಕಾರಿನ ಜೊತೆಗೆ ಹೊರಟುಹೋಗುತ್ತಾಳೆ ಎಂದು ನನಗೆ ಆಗ ನಿಜವಾಗಿ ಹೆದರಿಕೆಯಾಯಿತು. ನನ್ನ ಪಟ್ಟಿಯಲ್ಲಿ ಇಲ್ಲದ ಹೆದರಿಕೆ ಅದೊಂದೇ.

ಶನಿವಾರ ಮುಂಜಾನೆಯ ಸಾಲೆ ಮುಗಿದ ಮೇಲೆ, "ಕೊಡುವ ಮೊದಲ ಒಮ್ಮೆ ತೋರಿಸೂಣು. ನಿನ್ನ ತಮ್ಮನ ಕೈಯರ ಉಳೀಲಿ," ಎಂದು ಅವಳನ್ನು ಹೇಗೋ ಹೊರಡಿಸಿದೆ. ಸಿಂದಗಿಯಲ್ಲಿ ಇಮಾಮಸಾಬ ಎಂಬ ಮಿಸ್ತ್ರಿ ಇದ್ದಾನೆ, ಗಾಡಿಯ ನಾಡಿ ಹಿಡಿಯುತ್ತಾನೆ ಎಂದು ನಮ್ಮ ಕಚೇರಿಯಲ್ಲಿ ಯಾರೋ ಹೇಳಿದ್ದರು. ಅವಳೇ ನಡೆಸಿದಳು. ನಾನು ಅಂದು ದಾರಿಯುದ್ದಕ್ಕೂ ಮ್ಯಾಟು ಒತ್ತಲಿಲ್ಲ.

ಬೇವಿನ ಗಿಡದ ಕೆಳಗಿನ ಗ್ಯಾರೇಜಿಗೆ ಕಾರು ಹೊರಳಿಸುವಾಗ ಅವಳು ಎರಡು ಕೈಯಿಂದ ಒದ್ದಾಡುವುದನ್ನು ಅರವತ್ತರ ಆಸುಪಾಸಿನ ಮಿಸ್ತ್ರಿ ಕೂತಲ್ಲಿಂದಲೇ ನೋಡಿದ. ಎದ್ದು ಬಂದ. ನಾನು ಕೆಳಗಿಳಿದು ನನ್ನ ಪಟ್ಟಿಯನ್ನು ಬಿಚ್ಚಿ, ಪಂಪು, ಪೈಪು ಎಂದು ಶುರುಮಾಡಿದೆ. ಅವನು ಮರ್ಯಾದೆಯಿಂದ ಎರಡು ಸಾಲು ಕೇಳಿದ.

"ಸರ, ಗಾಡಿ ನೀವ ನಡಸ್ತೀರೇನು?"

"ಇಲ್ಲ."

"ಹಂಗಾರ ನೀವ ಚಾ ಕುಡೀರಿ," ಎಂದು ನನಗೆ ಒಂದು ಸ್ಟೂಲು ತೋರಿಸಿ ಸುಮಿತ್ರಾಳ ಕಡೆ ತಿರುಗಿದ. "ಸಾಲಿ ಅಕ್ಕೋರ ಏನ್ರಿ? ಕೈಗೆ ಸುಣ್ಣಾ ಹತ್ತೇತಿ. ಹೇಳ್ರಿ ಅಕ್ಕೋರ, ಓಡೂ ಮುಂದ ವಜ್ಜೆ ಏನು, ನಿಂತಾಗ ವಜ್ಜೆ ಏನು?"

"ನಿಂತಾಗ. ನಲವತ್ತರ ಮ್ಯಾಲೆ ಹೋದ್ರ ಇಲ್ಲ."

"ಎಡಕ್ಕೊ ಬಲಕ್ಕೊ?"

"ಎರಡೂ ಸಮಾ."

"ಆಕ್ಸಿಲೇಟರ ಕೊಟ್ಟು ತಿರುವಿದ್ರ?"

ಅವಳು ಯೋಚಿಸಿದಳು. "ತುಸು ಹಗುರ ಆಗತೈತಿ. ಮತ್ತ ಜಗ್ಗತೈತಿ. ಒಂದ ಸಮಾ ಇಲ್ಲ."

"ಶಾಬ್ಬಾಸ್," ಎಂದ ಮಿಸ್ತ್ರಿ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಪ್ರಶ್ನೋತ್ತರವನ್ನು ಕೇಳಿಲ್ಲ. ಒಬ್ಬರೂ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ನಾನು ಇದೇ ಸ್ಟೇರಿಂಗಿನ ಸಂಗತಿಯನ್ನು ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದವರಿಗೆ ಊರು ಮುಟ್ಟುವವರೆಗೆ ಹೇಳಿದ್ದೇನೆ.

ಆಮೇಲೆ ಅವನು ತಾನೇ ಸೀಟಿನಲ್ಲಿ ಕೂತು ಸ್ಟೇರಿಂಗು ತಿರುವಿದ. ಮೊದಲು ಒಂದು ಕೈ. ಆಗಲಿಲ್ಲ. ಎರಡು ಕೈ ಹಚ್ಚಿ ಉಸಿರು ಬಿಗಿಹಿಡಿದು ತಿರುವಿ ಕೆಳಗಿಳಿದ. ಭುಜ ತಿಕ್ಕಿಕೊಳ್ಳುತ್ತ, "ನಲವತ್ತ ವರ್ಷ ನಟ್ಟ-ಬೋಲ್ಟಿಗೆ ಪಾನಾ ತಿರುವಿದ ಕೈ ಇವು, ಅಕ್ಕೋರ. ನನ್ನ ಕೈಲೆ ಆಗವಲ್ದು. ನೀವ ಇದನ್ನ ಇಲ್ಲೀತನಕ ಹೊಡಕೊಂಡ ಬಂದೀರಲ್ಲ, ನಿಮ್ಮ ಕೈಗೆ ಶರಣ್ರಿ!" ಎಂದ.

"ಖರೇನ?" ಎಂದಳು ಸುಮಿತ್ರಾ.

"ಸುಳ್ಳ ಯಾಕ ಹೇಳ್ಲಿ?"

ಅವಳು ತಿರುಗಿ ಬೇವಿನ ಗಿಡದ ಮೇಲೇನೋ ಇದೆಯೆಂಬಂತೆ ನೋಡುತ್ತ ನಿಂತಳು. ನಾನು ಚಹಾದ ಬಟ್ಟಲನ್ನೇ ನೋಡಿದೆ. ಬಟ್ಟಲಿನಲ್ಲಿ ಏನೂ ಇರಲಿಲ್ಲ.

ಮಿಸ್ತ್ರಿಯ ಕೆಲಸ ಅವಸರದ್ದಲ್ಲ. ಟೈರಿನ ಗಾಳಿ ನೋಡಿದ, ಸರಿ ಇತ್ತು. ಸ್ಟೇರಿಂಗಿನ ಆಯಿಲಿನ ಡಬ್ಬಿ ನೋಡಿದ, ತುಂಬಿತ್ತು. ಕಾರಿನ ಅಡಿಗೆ ಮಲಗಿ ಪೈಪುಗಳನ್ನು ಬಟ್ಟೆಯಿಂದ ಒರೆಸಿ ನೋಡಿದ, ಒಣಗಿದ್ದವು. ಮುಂದಿನ ಗಾಲಿಗಳನ್ನು ಎತ್ತಿ ಕೈಯಿಂದ ಆಡಿಸಿದ, ಮಗ್ಗಲು ಬದಲಿಸುವ ಕೂಸಿನಂತೆ ಸಲೀಸಾಗಿ ಹೊರಳಿದವು. ನನ್ನ ಪಟ್ಟಿಯ ಒಂದೊಂದು ಸಾಲೂ ಅವನ ಬೆರಳಿನ ಕೆಳಗೆ ಹೀಗೆ ಅಳಿಸಿಹೋಗುತ್ತಿದ್ದರೆ ನನಗೆ ಸಂತೋಷವಾಗಬೇಕಿತ್ತು. ಸ್ವಲ್ಪ ಅವಮಾನವೇ ಆಯಿತು.

ಕೊನೆಗೆ ಇಂಜಿನ್ನು ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಬಗ್ಗಿ, "ತಿರುವ್ರಿ ಅಕ್ಕೋರ," ಎಂದ. ಅವಳು ತಿರುವಿದಳು. ಅವನ ಕಣ್ಣು ಪಂಪಿನ ಗಾಲಿಯ ಮೇಲಿತ್ತು. ಇಂಜಿನ್ನಿನ ಶಕ್ತಿಯನ್ನು ಪಂಪಿಗೆ ಮುಟ್ಟಿಸುವುದು ಒಂದು ಸಣ್ಣ ರಬ್ಬರಿನ ಬೆಲ್ಟು. ಬೆಲ್ಟು ಜಾರಿಕೊಂಡು ಓಡುತ್ತಿತ್ತು, ಪಂಪು ಮಾತ್ರ ತೂಕಡಿಸುತ್ತಿತ್ತು. "ಬಂದ ಮಾಡ್ರಿ," ಎಂದ. ಬೆಲ್ಟನ್ನು ಎರಡು ಬೆರಳಿನಲ್ಲಿ ಹಿಡಿದ. ಬೆರಳು ಜಾರಿದವು.

"ಮೊದಲ ಇದು ಕಿರಗುಟ್ಟತಿತ್ತೇನು?"

"ಹೌದ್ರಿ," ಎಂದಳು ಅವಳು. "ಮುಂಜಾನೆ ಚಾಲೂ ಮಾಡಿದ ಕೂಡ್ಲೆ ಕಿರ್ರ್ ಅಂತಿತ್ತು. ಹದಿನೈದ ದಿನಾ ಆತು, ತಾನ ನಿಂತೈತಿ."

"ಮಶೀನಿನ್ಯಾಗ ತಾನ ಯಾವುದೂ ನಿಂದ್ರೂದಿಲ್ರಿ, ಅಕ್ಕೋರ."

ಅವನು ಹಳೆಯ ಬೆಲ್ಟು ಬಿಚ್ಚಿದ, ಅದು ಓಡುವ ಗಾಲಿಗಳನ್ನು ಒರೆಸಿದ, ಹೊಸದನ್ನು ಹಾಕಿ ಬಿಗಿದ. ಸುಮಿತ್ರಾ ಕೂತು ಚಾಲೂ ಮಾಡಿ, ಬಲಗೈಯ ಅಂಗೈಯನ್ನು ಸ್ಟೇರಿಂಗಿನ ಮೇಲಿಟ್ಟಳು. ಒಂದು ಬದಿಯ ಕೊನೆಯಿಂದ ಇನ್ನೊಂದು ಬದಿಯ ಕೊನೆಯವರೆಗೆ ಅದು ಸರ್ರನೆ ಹೊರಳಿತು. ಇನ್ನೊಮ್ಮೆ ಹೊರಳಿಸಿದಳು. ಮತ್ತೊಮ್ಮೆ. ಸೀಟಿನಿಂದ ಏಳದೆಯೇ ತಮ್ಮನಿಗೆ ಫೋನು ಹಚ್ಚಿದಳು. "ಶ್ರೀಧರಾ, ನಾಳೆ ಗಾಡಿ ಒಯ್ಯಾಕ ಬರಬ್ಯಾಡ. ಊಟಕ್ಕ ಬಾ. ಬಸ್ಸಿಗೆ ಬಾ!"

ನಾನು ಮಿಸ್ತ್ರಿಯ ಎರಡೂ ಕೈ ಹಿಡಿದುಕೊಳ್ಳುವುದರಲ್ಲಿದ್ದೆ. ಆದರೆ ಅವನ ಕೈಯಲ್ಲಿ ಹಳೆಯ ಬೆಲ್ಟಿತ್ತು. ಅದನ್ನು ಅವನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸಿದ. ಹುಬ್ಬು ಏರಿತು. ಇನ್ನೊಮ್ಮೆ ಮೂಸಿದ.

"ಇದು ಗಾಡಿ ಎಣ್ಣಿ ಅಲ್ಲ," ಎಂದ. "ಅಕ್ಕೋರ, ನೀವ ನೋಡ್ರಿ."

ಸುಮಿತ್ರಾ ಮೂಸಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ನನ್ನ ಪಟ್ಟಿಯನ್ನು ಮಡಚತೊಡಗಿದೆ, ಅದು ಬಹಳ ದೊಡ್ಡ ಹಾಳೆಯಾಗಿತ್ತು. ನಮ್ಮ ಅಪ್ಪ ಬಾವಿಯ ರಾಟೆ, ತೂಗುಮಣೆಯ ಸರಪಳಿ, ಬಂಡಿಯ ಅಚ್ಚು, ದೇವರ ಕೋಣೆಯ ಕದ, ಹೀಗೆ ಕಿರಗುಟ್ಟುವ ಯಾವುದನ್ನು ಕಂಡರೂ ಎಣ್ಣೆ ಹಾಕದೆ ಬಿಟ್ಟವರಲ್ಲ. ನನಗೂ ಕಿರಗುಟ್ಟುವುದು ಕೇಳಿದರೆ ಇಂದಲ್ಲ ನಾಳೆ ಮುರಿಯುತ್ತದೆಂಬ ಚಿಂತೆ. ಒಂದು ಮುಂಜಾನೆ ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆ ಹೊಕ್ಕು ಬಂದು ಬಾನೆಟ್ಟು ಎತ್ತಿದ್ದೆ. ಎರಡೇ ನಿಮಿಷದ ಕೆಲಸ. ಕಿರಗುಟ್ಟುವುದು ನಿಂತಿತ್ತು, ನಾನು ಬಹಳ ಹೆಮ್ಮೆಯಿಂದ ಮರೆತಿದ್ದೆ.

"ಎಷ್ಟ ಹಾಕಿದ್ರಿ?" ಎಂದು ಕೇಳಿದಳು ನನ್ನ ಹೆಂಡತಿ, ಉತ್ತರ ಗೊತ್ತಿರುವ ಗಣಿತದ ಶಿಕ್ಷಕಿಯ ದನಿಯಲ್ಲಿ.

"ಒಂದ ಚಮಚ," ಎಂದೆ. "ಕುಸುಬಿ ಎಣ್ಣಿ."