ಐವತ್ತು ಸಾವಿರದ ಪಾಂಟಿಯಾಕ್

ಡೆಲ್ಮರ್ ವೀಕ್ಸ್‌ನ ಮನೆಯ ಸೂರು ಸೋರತೊಡಗಿದ್ದೇ ಇಷ್ಟಕ್ಕೆಲ್ಲ ಕಾರಣ. ಹೆಂಡತಿ ಅರ್ಲೀನ್ ಅಡುಗೆಮನೆಯಲ್ಲಿ ಎರಡು ಬಕೆಟ್ ಇಟ್ಟು, ಮೂರನೆಯದನ್ನು ಕೈಯಲ್ಲಿ ಹಿಡಿದು, "ಶೆಡ್ಡಲ್ಲಿರೋ ಆ ಕಾರನ್ನ ಮಾರು, ಹೊಸ ಸೂರು ಹಾಕಿಸು" ಎಂದಿದ್ದಳು.

ಕಾರು 1968ರ ಪಾಂಟಿಯಾಕ್ ಜಿಟಿಓ. ಎರಡೇ ಬಾಗಿಲು, ಆನೆಯಂಥ ಎಂಜಿನ್. ಚಾಲೂ ಮಾಡಿದರೆ ಪಕ್ಕದ ಮನೆಯ ಕಿಟಕಿ ಗಾಜು ಅದುರುತ್ತಿತ್ತು. ಆ ಪಕ್ಕದ ಮನೆಯವನೇ ಗಸ್ ಟ್ರಿಂಬಲ್. ಕಾಫಿ ಅಂಗಡಿಯಲ್ಲಿ ಹಳೇ ಕಾರುಗಳ ದರಪುಸ್ತಕ ಹಿಡಿದು ಕೂರುವುದೇ ಅವನ ಕಸುಬು. ಡೆಲ್ಮರ್ ಕಾರನ್ನು ಹರಾಜಿಗಿಟ್ಟ ದಿನ ಬೆಳಗ್ಗೆಯೂ ಅಲ್ಲೇ ಕೂತಿದ್ದ.

"ಮೂವತ್ತನಾಲ್ಕು ಸಾವಿರ ಡಾಲರ್. ಅದೂ ಕೊಳ್ಳೋನು ಕುರುಡ ಆಗಿದ್ರೆ," ಎಂದ, ಎಲ್ಲರಿಗೂ ಕೇಳುವ ಹಾಗೆ.

"ಐವತ್ತಕ್ಕೆ ಹೋಗ್ದೇ ಇದ್ರೆ ನನ್ನ ಹೆಸರು ಡೆಲ್ಮರ್ ವೀಕ್ಸ್ ಅಲ್ಲ!"

ಅದೇ ಸಿಟ್ಟಿನಲ್ಲಿ ಡೆಲ್ಮರ್ ಹರಾಜಿನ ಅರ್ಜಿಯಲ್ಲಿ ಕನಿಷ್ಠ ಬೆಲೆಯ ಜಾಗಕ್ಕೆ ಅಡ್ಡಗೆರೆ ಎಳೆದುಬಿಟ್ಟ. ಇನ್ನು ಎಷ್ಟಕ್ಕೆ ಕೂಗಿದರೂ ಕಾರು ಕೂಗಿದವನದೇ.

ಮಧ್ಯಾಹ್ನ ಹರಾಜು ನಡೆಯುವ ಶೆಡ್ಡಿನಲ್ಲಿ ಡೆಲ್ಮರ್‌ನ ಎಡಕ್ಕೆ ಗಸ್, ಬಲಕ್ಕೆ ಗೆಳೆಯ ಆರ್ವಿಲ್. ಟೂಲ್ ಪೆಟ್ಟಿಗೆ ಕೊಳ್ಳಲು ಬಂದಿದ್ದ ಆರ್ವಿಲ್, ಬಿಡ್ ಕೂಗುವ ನಂಬರ್ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದ. ಪಾಂಟಿಯಾಕ್ ವೇದಿಕೆಗೆ ಬಂತು. ಇಪ್ಪತ್ತು, ಇಪ್ಪತ್ತೈದು, ಮೂವತ್ತೊಂದು. ಅಲ್ಲಿಗೆ ಎಲ್ಲರ ಬಾಯಿ ಕಟ್ಟಿತು.

"ನಿನ್ನ ಮರ್ಯಾದೆ ಹೋಗೋದನ್ನ ನೋಡಕ್ಕಾಗಲ್ಲಪ್ಪ. ನಾನು ಹೊರಗೆ ಆಪಲ್ ಪೈ ತಿಂದು ಬರ್ತೀನಿ," ಎಂದು ಗಸ್ ಎದ್ದು ಹೋದ.

"ಮೂವತ್ತೊಂದು, ಒಂದು ಸಲ..."

ಡೆಲ್ಮರ್‌ಗೆ ಮೈಯೆಲ್ಲ ಉರಿದುಹೋಯಿತು. ಮಾರುವವನೇ ಬಿಡ್ ಕೂಗಬಾರದೆಂಬ ನಿಯಮ ಅವನಿಗೆ ಗೊತ್ತಿತ್ತು. ಆದರೂ ಆರ್ವಿಲ್‌ನ ಹಲಗೆ ಕಿತ್ತುಕೊಂಡು ಎತ್ತಿ ಹಿಡಿದ. "ಮೂವತ್ತೈದು!"

ಮೂಲೆಯಲ್ಲಿ ಫೋನ್ ಹಿಡಿದಿದ್ದ ಹುಡುಗಿ, ಫೋನಿನ ಆ ಕಡೆಯಿದ್ದ ಯಾರೋ ಗಿರಾಕಿಯ ಪರವಾಗಿ ಕೈ ಎತ್ತಿದಳು. ಮೂವತ್ತೆಂಟು. ಡೆಲ್ಮರ್ ನಲವತ್ತೆರಡು ಎಂದ. ಫೋನು ನಲವತ್ತೈದು ಎಂದಿತು. ಡೆಲ್ಮರ್ ನಲವತ್ತೆಂಟು. ಫೋನು ಐವತ್ತು.

ಅವನಿಗೆ ಬೇಕಾಗಿದ್ದದ್ದು ಅದೇ. ಅಲ್ಲಿಗೆ ಕೈ ಇಳಿಸಿದ್ದರೆ ಸೂರೂ ಬರುತ್ತಿತ್ತು, ಮಾನವೂ ಉಳಿಯುತ್ತಿತ್ತು. ಆದರೆ ಒಮ್ಮೆ ಏರಿದ ಹುರುಪು ಸುಮ್ಮನೆ ಇಳಿಯುತ್ತದೆಯೇ?

"ಐವತ್ತೊಂದು!" ಎಂದು ಅರಚಿದ.

ಹುಡುಗಿ ಇನ್ನು ಸಾಕೆಂದು ತಲೆ ಅಲ್ಲಾಡಿಸಿದಳು. ಸುತ್ತಿಗೆ ಬಿತ್ತು. ಚಪ್ಪಾಳೆಯ ಸದ್ದಿಗೆ ಆರ್ವಿಲ್ ಎಚ್ಚರಗೊಂಡ.

"ಪೆಟ್ಟಿಗೆ ಸಿಕ್ತೇನೋ?"

"ಸಿಕ್ತು. ಚಕ್ರದ ಸಮೇತ."

ಕಚೇರಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿದಳು. "ಮಾರಿದ್ದೂ ನೀವೇ, ಕೊಂಡಿದ್ದೂ ನೀವೇ. ಮಾರಿದೋರ ಕಮಿಷನ್ ಐದು ಸಾವಿರದ ನೂರು, ಕೊಂಡೋರದ್ದೂ ಅಷ್ಟೇ. ಎರಡನ್ನೂ ಕಟ್ಟಿ, ಇನ್ನೊಂದು ಸಲ ಈ ಕಡೆ ತಲೆ ಹಾಕ್ಬೇಡಿ." ಡೆಲ್ಮರ್ ಎದೆ ಸೆಟೆಸಿಕೊಂಡೇ ಚೆಕ್ ಬರೆದ.

ಹೊರಗೆ ಪೈ ಅಂಗಡಿಯ ಹಿಂದೆ ಗಸ್ ನಿಂತಿದ್ದ. ಕೈಯಲ್ಲಿ ಫೋನ್, ಮುಖ ಕೆಂಪು ಟೊಮೆಟೊ.

"ಯಾವ ಕತ್ತೆ ಕಣೋ ಅದು ಐವತ್ತೊಂದು ಕೂಗಿದ್ದು? ನಾನು ಐವತ್ತರ ತನಕ ಹೋಗಿದ್ದೆ!"

"ನೀನಾ? ಮೂವತ್ತನಾಲ್ಕು ಅಂತ ಊರೆಲ್ಲ ಸಾರಿದೋನು?"

"ಮೂರು ವರ್ಷದಿಂದ ಸಾರಿದ್ದು ಮತ್ಯಾಕೆ ಅಂದ್ಕೊಂಡೆ? ನನಗೆ ಅಗ್ಗಕ್ಕೆ ಸಿಗ್ಲಿ ಅಂತ!"

ಡೆಲ್ಮರ್‌ನ ಕೈಯಲ್ಲಿದ್ದ ಹಲಗೆ, ಎರಡು ರಸೀದಿ ಗಸ್‌ನ ಕಣ್ಣಿಗೆ ಬಿದ್ದವು. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದ್ರೆ ಮೂವತ್ತೊಂದರ ಮೇಲೆ ಬೇರೆ ಗಿರಾಕಿನೇ ಇರ್ಲಿಲ್ಲ! ಸರಿ ಬಿಡು, ನೆರೆಯವನು ಅಂತ ಮೂವತ್ತೆರಡು ಕೊಡ್ತೀನಿ."

"ಅರವತ್ತು," ಎಂದ ಡೆಲ್ಮರ್. "ಒಂದು ಸೆಂಟೂ ಕಮ್ಮಿ ಇಲ್ಲ."

ಡೆಲ್ಮರ್ ಅದೇ ಪಾಂಟಿಯಾಕ್‌ನಲ್ಲಿ ಕೂರುವಷ್ಟರಲ್ಲಿ ಅರ್ಲೀನಳ ಫೋನು ಬಂತು. "ಮಾರಿದ್ಯಾ?"

"ಮಾರಿದೆ. ಐವತ್ತೊಂದು ಸಾವಿರಕ್ಕೆ."

"ಅಯ್ಯೋ, ದೇವರು ದೊಡ್ಡೋನು! ಯಾರು ತಗೊಂಡ್ರು?"

ಡೆಲ್ಮರ್ ಕೀ ತಿರುಗಿಸಿದ. ಎಂಜಿನ್ ಗುಡುಗಿತು.

"ಅದರ ಬೆಲೆ ಗೊತ್ತಿರೋ ಒಬ್ಬೇ ಒಬ್ಬ ಮನುಷ್ಯ," ಎಂದ.