ಕಾಲೇಜು ನೋಡಲು ಹೋದದ್ದು

ಆ ದಿನವೂ ನಾನು ಎಂದಿನಂತೆ ನಸುಕಿನಲ್ಲೇ ಎದ್ದು, ಬಚ್ಚಲ ಒಲೆಗೆ ಉರಿ ಹಾಕಿ, ಅಂಗಳಕ್ಕೆ ನೀರು ಚಿಮುಕಿಸಿ, ರೊಟ್ಟಿ ಬಡಿಯಲು ಕೂತೆ. ದೊಡ್ಡ ದೊಡ್ಡ ನಿರ್ಧಾರಗಳನ್ನು ಗಂಡಸರು ಕುರ್ಚಿಯ ಮೇಲೆ ಕೂತು ಮಾಡುತ್ತಾರಂತೆ. ನಾನು ಈವರೆಗೆ ಮಾಡಿದ ನಾಲ್ಕೋ ಐದೋ ನಿರ್ಧಾರಗಳನ್ನೆಲ್ಲ ರೊಟ್ಟಿ ಬಡಿಯುತ್ತಲೇ ಮಾಡಿದ್ದೇನೆ. ಇದರಲ್ಲಿ ಒಂದು ಅನುಕೂಲವಿದೆ. ಬಡಿಯುವ ಸಪ್ಪಳದಲ್ಲಿ ಗಂಡನ ತಕರಾರು ಅರ್ಧ ಕೇಳಿಸುವುದಿಲ್ಲ. ಉಳಿದರ್ಧಕ್ಕೆ "ಹೂಂ" ಎಂದರೆ ಸಾಕು.

ಆ ದಿನದ ನಿರ್ಧಾರ ನಮ್ಮ ಮಗಳು ನೀಲಾಳ ಓದಿನದು. ಆಕೆ ಎಸ್ಸೆಸ್ಸೆಲ್ಸಿ ಪಾಸಾಗಿ ಕೂತಿದ್ದಳು. ಕೂತಿದ್ದಳು ಎನ್ನುವುದು ತಪ್ಪು. ಕಾಲೇಜಿನ ಅರ್ಜಿ ಕೈಯಲ್ಲಿ ಹಿಡಿದು ಮನೆ ತುಂಬ ಓಡಾಡುತ್ತಿದ್ದಳು. ನಮ್ಮವರು ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ಅವರ ವರ್ಗಾವಣೆಯ ಹಿಂದೆ ಹಿಂದೆ ಈ ಹುಡುಗಿ ಅಕ್ಷರ ತಿದ್ದುವ ಬಿನ್ನೆತ್ತೆಯನ್ನು ಸಿಂದಗಿಯಲ್ಲಿ, ಮೂರನೆಯ ಇಯತ್ತೆಯನ್ನು ಮುದ್ದೇಬಿಹಾಳದಲ್ಲಿ, ಆರನೆಯದನ್ನು ಬಾಗೇವಾಡಿಯಲ್ಲಿ ಕಲಿತು, ಈಗ ಇಂಡಿಯಲ್ಲಿ ಹೈಸ್ಕೂಲು ಮುಗಿಸಿದ್ದಳು. ನಾಲ್ಕು ಊರ ನೀರು ಕುಡಿದ ಹುಡುಗಿಗೆ ಐದನೆಯ ಊರಿನ ಅಂಜಿಕೆ ಎಲ್ಲಿಯದು? ಅಂಜಿಕೆಯೆಲ್ಲ ಅವರಪ್ಪನದು.

ಹದಿನೈದು ದಿವಸ ನಮ್ಮ ಮನೆಯಲ್ಲಿ ಊರು ಆರಿಸುವ ಕಾರ್ಯಕ್ರಮ ನಡೆಯಿತು. ಸೊಲ್ಲಾಪುರ ಹತ್ತಿರ, ಆದರೆ ರಾಜ್ಯಗಳನ್ನು ಹಂಚಿದ ಮೇಲೆ ಅದು ಬೇರೆಯವರ ಊರಾಗಿ, ಹೋಗಿ ಬರುವುದು ಸುಲಭವಿದ್ದರೂ ಮನಸ್ಸಿಗೆ ದೂರವಾಗಿತ್ತು. ಧಾರವಾಡ ವಿದ್ಯೆಗೆ ಹೆಸರುವಾಸಿ, ಆದರೆ ಅಲ್ಲಿಯ ಮಳೆಗೆ ನಮ್ಮ ಮಗಳಿಗೆ ನೆಗಡಿಯಾಗುತ್ತದೆ ಎಂದು ಇವರು ಇಂಡಿಯ ಬಿಸಿಲಿನಲ್ಲಿ ಕೂತು ಕಂಡುಹಿಡಿದರು. ಕೊನೆಗೆ ಬಿಜಾಪುರ ಉಳಿಯಿತು. ಅಷ್ಟರಲ್ಲಿ ಅರ್ಜಿ ಕೊಡಲು ಒಂದೇ ದಿನ ಉಳಿದಿತ್ತು. ಕಚೇರಿಯಲ್ಲಿ ಜಮಾಬಂದಿಯ ಲೆಕ್ಕ ತಪಾಸಣೆ ನಡೆದಿದ್ದರಿಂದ ಇವರಿಗೆ ರಜೆ ಇಲ್ಲ. ಹೋಗುವವಳು ನಾನೇ ಎಂದು ಗೊತ್ತಾಯಿತು.

"ಕಾಲೇಜು ಎಲ್ಲಾ ಒಂದ. ಹುಡುಗಿ ಇರೂದು ಯಾರ ಮನ್ಯಾಗ, ಅದನ್ನ ನೋಡು" ಎಂದರು ಇವರು, ಕೋಟಿನ ಗುಂಡಿ ಹಾಕುತ್ತ. "ಹಾಸ್ಟೆಲ್ ಗೀಸ್ಟೆಲ್ ನನಗ ಹೇಳಬ್ಯಾಡ. ಅದು ಯಾರ ಮನೀನೂ ಅಲ್ಲ. ನಮ್ಮ ಮಂದಿ ಮನಿ ಮೂರು ಅದಾವ. ಸಂಜೀಕ ಬಂದು ಇಂಥಾ ಮನ್ಯಾಗ ಇರ್ತಾಳ ಅಂತ ಹೇಳು, ಓದ್ಲಿ. ಇಲ್ಲಂದ್ರ ಈ ವರ್ಷ ಮನ್ಯಾಗ ಇರ್ಲಿ, ಮುಂದ ನೋಡೂಣು."

"ಈ ವರ್ಷ ಮನ್ಯಾಗ ಇರ್ಲಿ" ಎಂಬ ಮಾತಿನ ಉದ್ದಗಲ ನನಗೆ ಚೆನ್ನಾಗಿ ಗೊತ್ತು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಬೆಳಗಾವಿಯಲ್ಲಿ ರೈಲ್ವೆಯಲ್ಲಿದ್ದ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮಾಡಿದೆ. ಕಾಲೇಜಿಗೆ ಸೇರಬೇಕು ಎನ್ನುವಾಗ ಮಾವನಿಗೆ ವರ್ಗವಾಯಿತು. ಊರಿನಲ್ಲಿ ಕಾಲೇಜಿತ್ತು, ನನಗೆ ಬುದ್ಧಿಯೂ ಇತ್ತು, ಇರಲು ಮನೆ ಇರಲಿಲ್ಲ. "ಈ ವರ್ಷ ಮನ್ಯಾಗ ಇರ್ಲಿ" ಎಂದರು ನಮ್ಮಪ್ಪ. ಆ ವರ್ಷ ಇನ್ನೂ ಮುಗಿದಿಲ್ಲ. ಆದ್ದರಿಂದ ಹದಿಮೂರನೆಯ ರೊಟ್ಟಿ ಬಡಿಯುವಾಗ ಹಲ್ಲು ಕಚ್ಚಿ ನಿರ್ಧರಿಸಿದೆ: ಇವತ್ತು ಸೂರ್ಯ ಮುಳುಗುವುದರೊಳಗೆ ಈ ಹುಡುಗಿಯ ಹೆಸರು ಕಾಲೇಜಿನ ಪುಸ್ತಕದಲ್ಲಿ ಇರಬೇಕು. ಆ ರೊಟ್ಟಿ ಸ್ವಲ್ಪ ಹರಿಯಿತು.

ಬಿಜಾಪುರದಲ್ಲಿ ಬಸ್ಸಿಳಿದಾಗ ಹತ್ತು ಗಂಟೆ. ಮೊದಲನೆಯ ಮನೆ ಇವರ ಅಣ್ಣನ ವರಸೆಯ ವಕೀಲರದು. ಅವರ ಹೆಂಡತಿ ಗೌರಕ್ಕ "ಬಾರವಾ, ಬಾರವಾ" ಎಂದು ಬಾಗಿಲಲ್ಲೇ ನೀರಿನ ಚರಿಗೆ ಕೊಟ್ಟರು. ನಾನು ಕೂತು, ಮನೆಯ ಗೋಡೆಗಳನ್ನು ನೋಡತೊಡಗಿದೆ. ಮಂದಿಯ ಮನೆಯಲ್ಲಿ ಇದ್ದು ಕಲಿತವರಿಗೆ ಮಾತ್ರ ತಿಳಿಯುವ ಒಂದು ಪರೀಕ್ಷೆ ಇದೆ. ಆ ಮನೆಯ ಗೋಡೆಯಲ್ಲಿ ಖಾಲಿ ಗೂಟ ಇದೆಯೇ ನೋಡಬೇಕು. ಬೆಳಗಾವಿಯಲ್ಲಿ ನನ್ನ ಟವೆಲಿಗೆ ಗೂಟ ಇರಲಿಲ್ಲ. ಮೂರು ವರ್ಷ ಅದನ್ನು ಒಮ್ಮೆ ಕಿಟಕಿಗೆ, ಒಮ್ಮೆ ಬಾಗಿಲಿಗೆ, ಒಮ್ಮೆ ನನ್ನ ಹೆಗಲಿಗೇ ಹಾಕಿಕೊಂಡು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ್ದೇನೆ. ಗೌರಕ್ಕನ ಮನೆಯಲ್ಲಿ ಗೂಟಗಳಿಗೆ ಬರವಿಲ್ಲ, ಆದರೆ ಒಂದೊಂದರ ಮೇಲೂ ನಾಲ್ಕು ನಾಲ್ಕು ಕೋಟು, ಲಂಗ, ಟೊಪ್ಪಿಗೆ. ಓದುವ ದೀಪ ಎಲ್ಲಿದೆ ಎಂದು ಹುಡುಕಿದೆ. ಇಡೀ ಪಡಸಾಲೆಗೆ ಒಂದೇ ಬಲ್ಬು, ಅದರ ಕೆಳಗೆ ವಕೀಲರ ಪಕ್ಷಗಾರರು.

ಇಷ್ಟು ನೋಡಿ ತಿರುಗುವುದರೊಳಗೆ ನೀಲಾಳ ಸೊಂಟದ ಮೇಲೆ ಗೌರಕ್ಕನ ಮೊಮ್ಮಗ ಕೂತಿದ್ದ. ಅವಳ ಬಲಗೈಯಲ್ಲಿ ಉಪ್ಪಿಟ್ಟಿನ ಸೌಟು.

"ಕೈ ಭಾಳ ಚುರುಕ ಐತಿ ಬಿಡು ನಿನ್ನ ಮಗಳದು" ಎಂದರು ಗೌರಕ್ಕ ಸಂತೋಷದಿಂದ. "ಇರ್ಲಿ ನಮ್ಮ ಮನ್ಯಾಗ, ಮಗಳಿದ್ದಂಗ. ಕಾಲೇಜು ಹನ್ನೊಂದಕ್ಕಂತಲ್ಲ? ಅಷ್ಟರಾಗ ಅಡಗಿ ಮುಗೀತೈತಿ."

ಅಡಗಿ ಯಾರದು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ತಟ್ಟೆಗೆ ಬಂದದ್ದನ್ನು ಬಿಟ್ಟು ಏಳುವುದು ಪಾಪವೆಂದು ನಮ್ಮ ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಉಪ್ಪಿಟ್ಟು ಪೂರ್ತಿ ತಿಂದು, ಎರಡನೆಯ ಸಲದ್ದನ್ನೂ ತಿಂದು, "ಇವರನ್ನ ಕೇಳಿ ಹೇಳ್ತೇನ್ರಿ" ಎಂದು ಎದ್ದೆ.

ಎರಡನೆಯದು ನನ್ನ ಸೋದರತ್ತೆಯ ಮಗಳು ಶಾಂತಾಳ ಮನೆ. ಶಾಂತಾ ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಅಷ್ಟರಲ್ಲೇ ಮುಕ್ಕಾಲು ತಾಸು ಹೋಯಿತು. ಗೂಟ ಖಾಲಿ ಇತ್ತು, ದೀಪ ಇತ್ತು, ಮೊಮ್ಮಕ್ಕಳಿರಲಿಲ್ಲ. ನನಗೆ ಎದೆ ಹಗುರಾಯಿತು. ಆಗ ಒಳಗಿನ ಕೋಣೆಯಿಂದ ಶಾಂತಾಳ ಮಗ ಹೊರಬಂದ. ಇಪ್ಪತ್ತರ ಹುಡುಗ. ಪಡಸಾಲೆಯ ಕನ್ನಡಿಯ ಮುಂದೆ ನಿಂತು ತಲೆ ಬಾಚಿದ. ಒಳಗೆ ಹೋದ. ಮತ್ತೆ ಬಂದು ಬಾಚಿದ. ನಾವು ಊಟಕ್ಕೆ ಕೂತು ಏಳುವುದರೊಳಗೆ ಆರು ಸಲ ಬಾಚಿದ. ಅಷ್ಟು ಬಾಚುವಷ್ಟು ಕೂದಲೇನೂ ಇರಲಿಲ್ಲ. ಕನ್ನಡಿಯಲ್ಲಿ ಅವನಿಗೆ ಕಾಣುತ್ತಿದ್ದುದು ತನ್ನ ತಲೆಯಲ್ಲ, ಹಿಂದೆ ಕೂತ ನನ್ನ ಮಗಳು ಎಂಬುದು ನನಗೆ ನಾಲ್ಕನೆಯ ಸಲಕ್ಕೇ ತಿಳಿದಿತ್ತು. ಶಾಂತಾಳಿಗೂ ತಿಳಿದಿತ್ತು. ಆಕೆ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಸುಮ್ಮನೆ ನಕ್ಕಳು. ಆ ನಗುವಿನಲ್ಲಿ ಕಾಲೇಜು ಇರಲಿಲ್ಲ, ಅಕ್ಷತೆ ಇತ್ತು.

ಬೀದಿಗೆ ಬಂದ ಮೇಲೆ ನೀಲಾ ಸೆರಗು ಸರಿಮಾಡಿಕೊಂಡು ಕೇಳಿದಳು: "ಅವ್ವಾ, ನಾವು ಕಾಲೇಜು ನೋಡಾಕ ಬಂದೀವೋ, ಉಣ್ಣಾಕ ಬಂದೀವೋ?"

"ಸುಮ್ಮ ನಡಿ" ಎಂದೆ. ಮೂರೂಕಾಲು ಆಗಿತ್ತು. ಕಾಲೇಜಿನ ಕಚೇರಿ ಐದಕ್ಕೆ ಮುಚ್ಚುತ್ತದೆ. ಕಾಲೇಜಾದರೋ ಊರಿನ ಈ ತುದಿಗೆ, ಮೂರನೆಯ ಮನೆ ಆ ತುದಿಗೆ.

ಮೂರನೆಯ ಮನೆಯಲ್ಲಿರುವವರು ಇವರ ಸೋದರತ್ತೆ ಪಾರಕ್ಕ. ಗಂಡ ಇಲ್ಲ, ಮಕ್ಕಳಿಲ್ಲ, ಒಬ್ಬರೇ ಇರುತ್ತಾರೆ. ಇವರು ಪಟ್ಟಿಯಲ್ಲಿ ಅವರನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣ ಅವರ ಬಾಯಿ. ಸಣ್ಣವರಿದ್ದಾಗ ಇವರು ಆ ಬಾಯಿಗೆ ಹೆದರಿ ಒಂದು ಮಧ್ಯಾಹ್ನ ಪೂರಾ ಕಾಳಿನ ಕಣಜದ ಹಿಂದೆ ಅಡಗಿ ಕೂತಿದ್ದರಂತೆ. ಪಾರಕ್ಕತ್ತೆಯ ಮನೆಯ ಗೋಡೆ ತುಂಬ ಖಾಲಿ ಗೂಟ. ನಾನು ಸುತ್ತುಬಳಸಿ, ಹವಾಮಾನದಿಂದ ಸುರುಮಾಡಿ, ವಿಷಯಕ್ಕೆ ಬರುವ ಹೊತ್ತಿಗೆ ಅವರೇ ತಡೆದರು.

"ಹುಡುಗಿನ್ನ ನನ್ನ ಕಡೆ ಇಡಬೇಕಂತೀ, ಹೌದಲ್ಲೋ? ಒಲ್ಲೆ."

ನಮ್ಮ ಮಂದಿಯಲ್ಲಿ ಯಾರೂ ಹೀಗೆ "ಒಲ್ಲೆ" ಎನ್ನುವುದಿಲ್ಲ.

"ನಾ ಏಳಕ್ಕ ಉಂಡು ದೀಪಾ ಆರಿಸ್ತೇನಿ. ಮಲಗಿದ್ರ ಓಣಿ ಕೇಳೂವಂಗ ಗೊರಕಿ ಹೊಡೀತೇನಿ. ಈಕಿ ಯಾವಾಗ ಓದಬೇಕು? ಹಾಸ್ಟೆಲ್‌ನ್ಯಾಗ ಇಡು. ಮಂದಿ ಮನ್ಯಾಗ ಇದ್ದು ಓದಿದಾವ್ರು ಓದಿದ್ದಕ್ಕಿಂತ ಕಸಾ ಹೊಡದದ್ದ ಹೆಚ್ಚು."

"ನಿಮ್ಮ ಅಳಿಯ ಬ್ಯಾಡಂತಾರ್ರಿ ಅತ್ತಿ."

"ಅವಾ ಏನ್ ಓದಾಕ ಹೋಗಾವೇನು? ಕೂಡು, ಚಹಾ ಮಾಡ್ತೇನಿ."

ಅವರು ಹೇಳಿದ್ದು ಇಪ್ಪತ್ತು ವರ್ಷಗಳಿಂದ ನನ್ನ ಹೊಟ್ಟೆಯಲ್ಲಿದ್ದ ಮಾತು. ಆದರೆ ಸ್ಟೋವಿನ ಪಿನ್ನು ಸಿಗಲಿಲ್ಲ. ಸಿಕ್ಕ ಮೇಲೆ ಸೀಮೆಎಣ್ಣೆ ಮುಗಿದಿತ್ತು. ಪಕ್ಕದ ಮನೆಯಿಂದ ತರಿಸಿ ಪಂಪು ಹೊಡೆಯುವ ಹೊತ್ತಿಗೆ ನಾಲ್ಕೂ ಹತ್ತು. ನೀರು ಗುಂಯ್ ಎನ್ನುತ್ತಿತ್ತು, ಕುದಿಯುತ್ತಿರಲಿಲ್ಲ. ನೀಲಾ ಅರ್ಜಿಯ ಅಂಚನ್ನು ಸುರುಳಿ ಸುತ್ತುತ್ತ, ನನ್ನ ಮುಖವನ್ನೂ ಗಡಿಯಾರವನ್ನೂ ನೋಡುತ್ತಿದ್ದಳು. ಆ ಸುರುಳಿ ನೋಡಿ ನನಗೆ ಏನಾಯಿತೋ, ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಚಹಾ ಒಲೆಯ ಮೇಲಿರುವಾಗ ಎದ್ದು, ಚಪ್ಪಲಿ ಮೆಟ್ಟಿ, ಮಗಳ ಕೈ ಹಿಡಿದು ನಡೆದುಬಿಟ್ಟೆ. ಹಿಂದಿನಿಂದ "ಏ! ಏ ಇವಳ!" ಎಂಬ ಕೂಗು ಓಣಿ ದಾಟುವವರೆಗೆ ಕೇಳಿಸಿತು.

ಟಾಂಗಾ ಸಿಗಲಿಲ್ಲ. ನಾನು ಸೀರೆಯ ನಿರಿಗೆ ಎತ್ತಿ ಹಿಡಿದು ಬಿಜಾಪುರದ ಬೀದಿಯಲ್ಲಿ ಓಡಿದೆ ಎಂದರೆ ನೀವು ನಂಬಬೇಕು. ಎರಡು ಮನೆಯ ಉಪ್ಪಿಟ್ಟು, ಹೋಳಿಗೆ ನನ್ನೊಳಗೆ ಬೇರೆ ಬೇರೆ ದಿಕ್ಕಿಗೆ ಓಡುತ್ತಿದ್ದವು. ಕಾಲೇಜಿನ ಕಚೇರಿಯ ಕಿಂಡಿ ಮುಟ್ಟಿದಾಗ ಗುಮಾಸ್ತರು ಪೆನ್ನಿನ ಟೊಪ್ಪಿಗೆ ಮುಚ್ಚುತ್ತಿದ್ದರು.

"ಎಲ್ಲಿ ಇರ್ತಾರ್ರಿ ಇವರು?" ಎಂದು ಅರ್ಜಿ ನೋಡುತ್ತ ಕೇಳಿದರು.

"ಹಾಸ್ಟೆಲ್" ಎಂದೆ. ಎಷ್ಟು ಸಣ್ಣ ಶಬ್ದ! ನೀಲಾ ನನ್ನ ಕಡೆ ತಿರುಗಿ ನೋಡಿದಳು.

"ಹಂಗಾದ್ರ ಊರಾಗಿನ ಪಾಲಕರು ಒಬ್ರು ಸಹಿ ಮಾಡಬೇಕ್ರಿ. ಐದರೊಳಗ."

ಗಡಿಯಾರದಲ್ಲಿ ಐದಕ್ಕೆ ಹದಿನೆಂಟು ನಿಮಿಷ ಇತ್ತು. ಊರಿನಲ್ಲಿ ಸಹಿಗೆ ಸಿಗುವ ಪಾಲಕರ ಲೆಕ್ಕ ಹಾಕಿದೆ. ಒಬ್ಬರಿಗೆ "ಕೇಳಿ ಹೇಳ್ತೇನ್ರಿ" ಎಂದು ಬಂದಿದ್ದೆ. ಇನ್ನೊಬ್ಬಳು ಬೀಗತಿಯಾಗುವ ಕನಸಿನಲ್ಲಿದ್ದಳು. ಮೂರನೆಯವರ ಚಹಾಕ್ಕೆ ಬೆನ್ನು ತೋರಿಸಿ ಬಂದಿದ್ದೆ. "ಇವತ್ತು ತೊಗೊಳ್ರಿ, ನಾಳೆ ಸಹಿ ಕಳಸ್ತೇನಿ" ಎಂದು ಕನ್ನಡದಲ್ಲಿ ಬೇಡಿದೆ, ಆಗಲಿಲ್ಲ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಬೇಡಿದೆ. ಗುಮಾಸ್ತರು ಎದ್ದು ನಿಂತು, ಬಹಳ ಮರ್ಯಾದೆಯಿಂದ, ಅದೇ ಉತ್ತರ ಕೊಟ್ಟರು.

ಆಗ ಬಾಗಿಲ ಮುಂದೆ ಟಾಂಗಾ ನಿಂತ ಸಪ್ಪಳ. ಅದರಿಂದ ಪಾರಕ್ಕತ್ತೆ ಇಳಿದರು. ಕೈಯಲ್ಲಿ ತಾಟು ಮುಚ್ಚಿದ ಚರಿಗೆ, ಕಂಕುಳಲ್ಲಿ ಅರಿವೆ ಸುತ್ತಿದ ಬಟ್ಟಲುಗಳು. ಕಚೇರಿಗೆ ನುಗ್ಗಿದವರೇ ಗುಡುಗಿದರು.

"ನಲವತ್ತು ವರ್ಷಾತು ನಾ ಆ ಮನ್ಯಾಗ ಇದ್ದು. ಬರೇ ಬಾಯೀಲೆ ಹೊಸ್ತಲಾ ದಾಟಿದಾಕಿ ನೀನ ಮೊದಲ್ನೇದಾಕಿ! ಓಣ್ಯಾಗಿನ ಮಂದಿ ನನಗ ಏನಂದಾರು? ಕುಡಿ ಮೊದಲ. ಏ ತಂಗಿ, ನೀನೂ ಕುಡಿ. ಏನ್ ಸಾಹೇಬ್ರ, ನೀವೂ ಹಿಡೀರಿ."

ಗುಮಾಸ್ತರು ಹಿಡಿದರು. ಹಿಡಿಯದೆ ಬೇರೆ ದಾರಿ ಇರಲಿಲ್ಲ. ನಾನು ಒಂದೇ ಗುಟುಕಿಗೆ ಕುಡಿದು, ಸುಟ್ಟ ನಾಲಿಗೆಯಲ್ಲೇ ಹೇಳಿದೆ: "ಅತ್ತಿ, ಒಂದು ಸಹಿ ಬೇಕಾಗೇತ್ರಿ."

"ಎಲ್ಲಿ?" ಎಂದರು ಅವರು. ಯಾಕೆ ಎಂದು ಕೇಳಲಿಲ್ಲ.

ಗುಮಾಸ್ತರು ಹೆಬ್ಬೆಟ್ಟಿನ ಶಾಯಿಯ ಡಬ್ಬಿ ಮುಂದೆ ತಳ್ಳಿದರು. ಪಾರಕ್ಕತ್ತೆ ಅದನ್ನು ಹಿಂದಕ್ಕೆ ತಳ್ಳಿದರು. "ಬರಿಯಾಕ ಬರ್ತೈತಿ ನನಗ!" ಎಂದು ಪೆನ್ನು ಹಿಡಿದು ಕೂತರು. ಅಕ್ಷರ ಬರುತ್ತಿತ್ತು ನಿಜ, ಆದರೆ ಎತ್ತಿನ ಬಂಡಿಯಲ್ಲಿ ಕೂತು ಬರುತ್ತಿತ್ತು. "ಪಾ" ಆಯಿತು. ಒತ್ತು ಎಲ್ಲಿ ಕೊಡಬೇಕು ಎಂದು ಯೋಚಿಸಿದರು. "ಪಾರ್ವತೆವ್ವ" ಮುಗಿಯುವಾಗ ಐದಕ್ಕೆ ನಾಲ್ಕು ನಿಮಿಷ. ಮುಗಿಯಿತೆಂದು ನಾನು ಕಾಗದಕ್ಕೆ ಕೈ ಹಾಕಿದರೆ, "ತಡಿ" ಎಂದು "ಕೋಂ" ಬರೆದು, ತೀರಿಹೋದ ಗಂಡನ ಹೆಸರನ್ನು ಪೂರ್ತಿ, ಅಡ್ಡಹೆಸರು ಸಮೇತ ಬರೆಯತೊಡಗಿದರು. ಜವಾನ ಗಂಟೆಯ ಕೋಲು ಹಿಡಿದು ನಿಂತಿದ್ದ. ಗುಮಾಸ್ತರು ಅವನಿಗೆ ಕೈಸನ್ನೆ ಮಾಡಿ ತಡೆದರು. ಅವರ ಇನ್ನೊಂದು ಕೈಯಲ್ಲಿ ಪಾರಕ್ಕತ್ತೆಯ ಚಹಾದ ಬಟ್ಟಲಿತ್ತು.

ಇಂಡಿಯ ಬಸ್ಸು ಇಳಿದು ಮನೆ ಸೇರಿದಾಗ ಇವರು ಜಗುಲಿಯಲ್ಲೇ ಕೂತಿದ್ದರು. "ಯಾರ ಮನ್ಯಾಗ?" ಎಂದರು.

"ಹಾಸ್ಟೆಲ್ಲಿನ್ಯಾಗ. ಪಾರಕ್ಕತ್ತಿ ಸಹಿ ಮಾಡ್ಯಾರ."

ಇವರು ಬಾಯಿ ತೆರೆದರು. ಪಾರಕ್ಕತ್ತೆಯ ಹೆಸರು ಕಿವಿಯಿಂದ ಒಳಗಿಳಿದು ಮುಟ್ಟಬೇಕಾದಲ್ಲಿ ಮುಟ್ಟಿತು. ಬಾಯಿ ಮುಚ್ಚಿದರು. ಒಟ್ಟಾರೆ, ಸಹಿಯಾದ ಕಾಗದದ ಮೇಲೆ ನಮ್ಮವರು ತಕರಾರು ಎತ್ತಿದ್ದನ್ನು ನಾನು ಕಂಡಿಲ್ಲ. "ಪಾವತಿ ಎಲ್ಲೈತಿ?" ಎಂದಷ್ಟೇ ಕೇಳಿ, ಆ ರಸೀತಿಯನ್ನು ಮಡಿಚಿ ಕೋಟಿನ ಒಳಕಿಸೆಯಲ್ಲಿಟ್ಟುಕೊಂಡರು.

ನಾನು ಗೆದ್ದ ಸೈನ್ಯದ ಹಾಗೆ ಹಿತ್ತಲಿಗೆ ಹೋಗಿ ಕಾಲು ತೊಳೆಯುತ್ತಿದ್ದೆ. ಪಕ್ಕದ ಮನೆಯ ಜೈಬುನಬಿ ಗೋಡೆಯ ಆ ಕಡೆ ಹಗ್ಗದ ಮೇಲಿನ ಅರಿವೆ ತೆಗೆಯುತ್ತಿದ್ದರು. "ಬಾಯಾರ, ಹೆಂಗೈತ್ರಿ ಕಾಲೇಜು?" ಎಂದು ಕೇಳಿದರು.

ಹೇಳಲು ಹೋದೆ. ನನ್ನ ಕಣ್ಣ ಮುಂದೆ ಬಂದದ್ದು ಒಂದು ಕಿಂಡಿ, ಒಂದು ಗಡಿಯಾರ. ಕಾಲೇಜನ್ನು ನಾನು ನೋಡಿಯೇ ಇರಲಿಲ್ಲ. ಅದಕ್ಕೆ ಎಷ್ಟು ಅಂತಸ್ತು, ಮುಂದೆ ಗಿಡವಿದೆಯೇ ಇಲ್ಲವೇ, ಒಂದೂ ಗೊತ್ತಿಲ್ಲ. ಸೋಲೊಪ್ಪದೆ, ಮೂರು ಮನೆಗಳ ಕತೆ, ಓಡಿದ ಕತೆ, ಸಹಿಯ ಕತೆ ಎಲ್ಲ ಹೇಳಿ, "ಒಟ್ಟ ಆಕಿ ಇರೂದೊಂದು ಬಗೀಹರೀತ್ರಿ" ಎಂದೆ ಜಂಬದಿಂದ.

"ಚಲೋ ಆತ್ರಿ" ಎಂದರು ಜೈಬುನಬಿ, ಕೊನೆಯ ದುಪಟ್ಟಿಯನ್ನು ಝಾಡಿಸಿ ಹೆಗಲಿಗೆ ಹಾಕಿಕೊಳ್ಳುತ್ತ. "ಆಕಿ ಹೆಂಗರ ಇರ್ತಾಳ್ ಬಿಡ್ರಿ, ಸಣ್ಣಾಕಿ. ಆಕಿನ್ನ ಬಿಟ್ಟು ನೀವು ಹೆಂಗ ಇರಾವ್ರು?"

ಅರಿವೆಯ ಗಂಟು ಎತ್ತಿಕೊಂಡು ಅವರು ಒಳಗೆ ಹೋದರು.